ಹಸಿ ಬಣ್ಣದ ಮೇಲೆ ಎಲೆಗಳ ಬೆಳಕು: ಹೈಲೈಟ್ ರಾಡಿಯಾಗದಂತೆ ಹಚ್ಚುವುದು ಹೇಗೆ?

"ಮರದ ಮೇಲೆ ಹಳದಿ ಹಚ್ಚಿದ ಕೂಡಲೇ ಕೆಳಗಿನ ಕಡು ಹಸಿರಿನ ಜೊತೆ ಕಲಸಿಹೋಗಿ ರಾಡಿ ಆಗುತ್ತದೆ, ಏನು ಮಾಡಲಿ?" ಆಯಿಲ್ ಬಣ್ಣದಲ್ಲಿ ಲ್ಯಾಂಡ್‌ಸ್ಕೇಪ್ ಶುರು ಮಾಡಿದವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ವಿಡಿಯೊದಲ್ಲಿ ಚಿತ್ರ ಮಾಡಿ ತೋರಿಸುವವರು ಬ್ರಷ್ ತಗೊಂಡು ನಾಲ್ಕು ಸಲ ತಟ್ಟಿದರೆ ಪೊದೆ ಎದ್ದು ನಿಲ್ಲುತ್ತದೆ. ನಾವು ತಟ್ಟಿದರೆ ಹಸಿರು ಗೋಡೆ.

ಹೆಚ್ಚಿನವರು ತಪ್ಪನ್ನು ಹಳದಿಯಲ್ಲಿ ಹುಡುಕುತ್ತಾರೆ, ಇಲ್ಲವೇ ಬ್ರಷ್ಷಿನಲ್ಲಿ. ಹೊಸ ಟ್ಯೂಬ್ ತರುತ್ತಾರೆ, ದುಬಾರಿ ಬ್ರಷ್ ತರಿಸುತ್ತಾರೆ, ಆದರೂ ರಾಡಿಯೇ. ನಾನು ಹೇಳುವುದು ಇಷ್ಟೇ: ಹೈಲೈಟ್ ಕೆಟ್ಟಿತು ಅನ್ನುವಾಗ ಬಹಳಷ್ಟು ಸಲ ಕೆಟ್ಟಿರುವುದು ಅದರ ಕೆಳಗಿನ ಕಡು ಪದರ. ಅದು ತುಂಬಾ ಎಣ್ಣೆಯಾಗಿರುತ್ತದೆ, ಅಥವಾ ತುಂಬಾ ದಪ್ಪ ಇರುತ್ತದೆ, ಅಥವಾ ಸಾಕಷ್ಟು ಕಡುವಾಗಿರುವುದಿಲ್ಲ. ಹಾಗಾಗಿ ಈ ಲೇಖನದಲ್ಲಿ ಹಳದಿಗಿಂತ ಕಡು ಬಣ್ಣದ ಮಾತೇ ಜಾಸ್ತಿ ಬರುತ್ತದೆ, ಬೇಜಾರು ಮಾಡ್ಕೋಬೇಡಿ.

ಪೂರ್ತಿ ಹೊಸಬರಿಗೆ ಎರಡು ಮಾತು. ವೆಟ್-ಆನ್-ವೆಟ್ ಅಂದರೆ ಕೆಳಗಿನ ಬಣ್ಣ ಒಣಗುವ ಮೊದಲೇ ಅದರ ಮೇಲೆ ಇನ್ನೊಂದು ಬಣ್ಣ ಹಚ್ಚಿ, ಕೂತಲ್ಲೇ ಚಿತ್ರ ಮುಗಿಸುವ ರೀತಿ. ಹೈಲೈಟ್ ಅಂದರೆ ಬೆಳಕು ಬಿದ್ದ ಜಾಗದ ತಿಳಿ ಬಣ್ಣ. ಈ ರೀತಿಯನ್ನು ಅಮೆರಿಕದ ಟಿವಿಯಲ್ಲಿ 1970ರ ದಶಕದಲ್ಲಿ ಜರ್ಮನಿ ಮೂಲದ ಬಿಲ್ ಅಲೆಕ್ಸಾಂಡರ್ ತೋರಿಸಿದರು. ಅವರಿಂದ ಕಲಿತ ಬಾಬ್ ರಾಸ್ 1983ರಿಂದ 1994ರವರೆಗೆ 403 ಕಂತುಗಳಲ್ಲಿ ಅದನ್ನು ಮನೆಮಾತು ಮಾಡಿದರು. ನಮ್ಮಲ್ಲಿ ಹೆಚ್ಚಿನವರು ಇದನ್ನು ಮೊದಲು ನೋಡಿದ್ದು ಯೂಟ್ಯೂಬ್‌ನಲ್ಲಿ ಅವರ ಕೈಯಲ್ಲೇ. ಅರ್ಧ ಗಂಟೆಯೊಳಗೆ ಮುಗಿಸುತ್ತಾರೆ ಅಂತ ನೋಡಿ ಎದೆಗುಂದಬೇಡಿ. ಸಾಮಾನ್ಯವಾಗಿ ಅವರು ಒಂದೊಂದು ಚಿತ್ರವನ್ನೂ ಮೂರು ಸಲ ಮಾಡುತ್ತಿದ್ದರು. ಕ್ಯಾಮೆರಾ ಎದುರಿನದು ಎರಡನೆಯದು, ಮೊದಲನೆಯದು ಪಕ್ಕದಲ್ಲೇ ಕಾಣದ ಹಾಗೆ ಇರುತ್ತಿತ್ತು.

ಏನೇನು ಬೇಕು

ಬಣ್ಣ: ಟೈಟಾನಿಯಂ ವೈಟ್, ಕ್ಯಾಡ್ಮಿಯಂ ಯೆಲ್ಲೋ, ಯೆಲ್ಲೋ ಓಕರ್, ಸ್ಯಾಪ್ ಗ್ರೀನ್, ಪ್ರಷ್ಯನ್ ಬ್ಲೂ, ಅಲಿಜರಿನ್ ಕ್ರಿಮ್ಸನ್, ಬರ್ನ್ಟ್ ಅಂಬರ್, ಮತ್ತೆ ಯಾವುದಾದರೂ ಒಂದು ಗಾಢ ಕೆಂಪು. ಯೆಲ್ಲೋ ಟ್ಯೂಬ್ ಮೇಲೆ 'ಹ್ಯೂ' ಅಂತ ಇದ್ದರೆ ಅದರಲ್ಲಿ ನಿಜವಾದ ಕ್ಯಾಡ್ಮಿಯಂ ಇಲ್ಲ, ಅದೇ ಛಾಯೆಯ ಬದಲಿ ಬಣ್ಣ ಇದೆ ಅಂತ ಅರ್ಥ. ಕಲಿಯುವುದಕ್ಕೆ ಅದೇ ಸಾಕು, ಬೆಲೆಯೂ ಕಡಿಮೆ. ಅಂಗಡಿಯಲ್ಲಿ ಕಡು ಹಸಿರು ಕೇಳಿದರೆ ಥೇಲೋ ಗ್ರೀನ್ ಕೊಡಬಹುದು. ಅದನ್ನು ಎಲೆಗಳಿಗೆ ನೇರವಾಗಿ ಹಚ್ಚಬೇಡಿ, ಪ್ಲಾಸ್ಟಿಕ್ ಗಿಡದ ಹಾಗೆ ಕಾಣುತ್ತದೆ.

ಬ್ರಷ್: ಹಂದಿ ಕೂದಲಿನ ಒಂದು ಇಂಚಿನ ಚಪ್ಪಟೆ ಬ್ರಷ್ ಮುಖ್ಯ. ಸಣ್ಣ ಗೊಂಚಲಿಗೆ ಒಂದು ಗುಂಡನೆಯ ಗಡಸು ಬ್ರಷ್, ಬೀಸಣಿಗೆ ಆಕಾರದ ಫ್ಯಾನ್ ಬ್ರಷ್, ಕೊಂಬೆಗಳಿಗೆ ಉದ್ದ ಕೂದಲಿನ ಸಣ್ಣ ಲೈನರ್. ಹಾರ್ಡ್‌ವೇರ್ ಅಂಗಡಿಯ ಗೋಡೆ ಬ್ರಷ್ ಆಗುತ್ತದಾ ಅಂತ ಕೇಳುವವರಿದ್ದಾರೆ. ಆಗುತ್ತದೆ, ಆದರೆ ತೀರಾ ದಪ್ಪ ಇಲ್ಲದ್ದನ್ನು ಆರಿಸಿ. ದಪ್ಪ ಬ್ರಷ್ ಹೊಟ್ಟೆಯೊಳಗೆ ಥಿನ್ನರ್ ಉಳಿಸಿಕೊಳ್ಳುತ್ತದೆ, ಹೈಲೈಟ್ ಹಚ್ಚುವ ಹೊತ್ತಿಗೆ ಸರಿಯಾಗಿ ಅದನ್ನು ಹೊರಗೆ ಬಿಡುತ್ತದೆ. ಮೃದು ಸಿಂಥೆಟಿಕ್ ಬ್ರಷ್ ಮಾತ್ರ ಈ ಕೆಲಸಕ್ಕೆ ಬೇಡ.

ಉಳಿದದ್ದು: ಲಿನ್ಸೀಡ್ ಎಣ್ಣೆ ಅಂದರೆ ಅಗಸೆ ಎಣ್ಣೆ (ಚಿತ್ರಕ್ಕೆಂದೇ ಮಾರುವುದು, ಅಡುಗೆಯದ್ದಲ್ಲ), ವಾಸನೆ ಕಮ್ಮಿ ಇರುವ ಥಿನ್ನರ್, ಪ್ಯಾಲೆಟ್ ನೈಫ್ (ಬಣ್ಣ ಕಲಸುವ ಚಪ್ಪಟೆ ಚಾಕು), ಹಳೇ ಕಾಟನ್ ಬಟ್ಟೆ, ಒಂದಿಷ್ಟು ಹಳೇ ಪೇಪರ್. ಪ್ಯಾಲೆಟ್‌ಗೆ ಮನೆ ಕಟ್ಟುವಾಗ ಮಿಕ್ಕಿದ ನುಣುಪು ಟೈಲ್ ಒಂದು ಸಾಕು. ಕ್ಯಾನ್ವಾಸ್ 12 ಇಂಚು ಅಗಲ 16 ಇಂಚು ಉದ್ದಕ್ಕಿಂತ ಚಿಕ್ಕದು ಬೇಡ. ಚಿಕ್ಕ ಕ್ಯಾನ್ವಾಸ್ ಮೇಲೆ ಒಂದು ಇಂಚಿನ ಬ್ರಷ್ ಆಡುವುದಿಲ್ಲ.

1. ಬೆಳಕಿನ ದಿಕ್ಕು ಗೊತ್ತು ಮಾಡಿ

ಬಣ್ಣ ಹಿಂಡುವ ಮೊದಲೇ ಬೆಳಕು ಎಡದಿಂದಲೋ ಬಲದಿಂದಲೋ ಅಂತ ತೀರ್ಮಾನಿಸಿ, ಕ್ಯಾನ್ವಾಸಿನ ಅಂಚಿಗೆ ಟೇಪ್ ಅಂಟಿಸಿ ಬಾಣ ಗೀಚಿ. ಸಿಲ್ಲಿ ಅನಿಸಬಹುದು. ಮೂರನೇ ಪೊದೆ ಹೊತ್ತಿಗೆ ಎಲ್ಲರೂ ದಿಕ್ಕು ಮರೆಯುತ್ತಾರೆ.

2. ಲಿಕ್ವಿಡ್ ವೈಟ್, ಅದೂ ತೆಳ್ಳಗೆ

ಲಿಕ್ವಿಡ್ ವೈಟ್ ಅಂದರೆ ಕ್ಯಾನ್ವಾಸನ್ನು ಹಸಿಯಾಗಿಡಲು ಮೊದಲು ಹಚ್ಚುವ ಎಣ್ಣೆ ಮಿಶ್ರಿತ ಬಿಳಿ. ಟೈಟಾನಿಯಂ ವೈಟ್‌ಗೆ ಲಿನ್ಸೀಡ್ ಎಣ್ಣೆ ಹನಿ ಹನಿಯಾಗಿ ಸೇರಿಸಿ ನೈಫ್‌ನಲ್ಲಿ ಕಲಸಿದರೆ ಮನೆಯಲ್ಲೇ ಆಗುತ್ತದೆ. ಹಚ್ಚಿದ ಮೇಲೆ ಬೆರಳ ತುದಿ ಒತ್ತಿ ನೋಡಿ. ಬೆರಳಿನ ಗೆರೆಗಳು ಕಾಣುವಷ್ಟು ತೆಳುವಾಗಿ ಬಿಳಿ ಅಂಟಿದರೆ ಸರಿ. ಗೆರೆಗಳೇ ಮುಚ್ಚಿಹೋದರೆ ಜಾಸ್ತಿಯಾಗಿದೆ, ಬಟ್ಟೆಯಲ್ಲಿ ಒರೆಸಿ.

ಇಲ್ಲಿ ಒಂದು ಎಚ್ಚರ. ಆಕಾಶಕ್ಕೆ, ದೂರದ ಗುಡ್ಡಕ್ಕೆ ಈ ಬಿಳಿ ಬೇಕು. ಮುಂದಿನ ದಟ್ಟ ಮರಗಳು ಬರುವ ಜಾಗಕ್ಕೆ ಬೇಡ. ಅಲ್ಲಿ ಬಿಳಿ ಇದ್ದರೆ ನಿಮ್ಮ ಕಡು ಬಣ್ಣ ಅದನ್ನು ಎತ್ತಿಕೊಂಡು ಸುಣ್ಣ ಬೆರೆತ ಹಾಗೆ ಬೂದು ಆಗುತ್ತದೆ. ಕೆಳಗಿನ ಅರ್ಧವನ್ನು ಒರೆಸಿ, ಅಲ್ಲಿ ಒಂದು ಹನಿ ಲಿನ್ಸೀಡ್ ಎಣ್ಣೆಯನ್ನು ಬಟ್ಟೆಯಲ್ಲಿ ಚೆನ್ನಾಗಿ ತಿಕ್ಕಿ ಬಿಡಿ. ಅಥವಾ ಹಿಂದಿನ ದಿನವೇ ಆ ಭಾಗಕ್ಕೆ ಕಪ್ಪು ಗೆಸ್ಸೊ ಬಳಿದು ಒಣಗಿಸಿ. ಗೆಸ್ಸೊ ಅಂದರೆ ಕ್ಯಾನ್ವಾಸಿಗೆ ಮೊದಲು ಬಳಿಯುವ ಅಕ್ರಿಲಿಕ್ ಲೇಪ. ಆಗ ಕಡು ಬಣ್ಣ ಸ್ವಲ್ಪವೇ ಸಾಕು, ನೆರಳು ತಾನಾಗೇ ಸಿಗುತ್ತದೆ. ದಟ್ಟ ಕಾಡಿನ ಚಿತ್ರಕ್ಕೆ ನನಗೆ ಇದೇ ಇಷ್ಟ.

3. ಕಡು ಪದರ: ಇಲ್ಲಿ ಅವಸರ ಮಾಡಬೇಡಿ

ಪ್ರಷ್ಯನ್ ಬ್ಲೂ, ಅಲಿಜರಿನ್ ಕ್ರಿಮ್ಸನ್, ಬರ್ನ್ಟ್ ಅಂಬರ್, ಸ್ಯಾಪ್ ಗ್ರೀನ್. ಈ ನಾಲ್ಕನ್ನೂ ನೈಫ್‌ನಲ್ಲಿ ಕಲಸಿ. ಸ್ಯಾಪ್ ಗ್ರೀನ್ ಜಾಸ್ತಿ ಇರಲಿ, ಪ್ರಷ್ಯನ್ ಬ್ಲೂ ತುಸು ಸಾಕು, ಅದು ಎಲ್ಲವನ್ನೂ ನುಂಗುವ ಬಣ್ಣ. ಸಿಗಬೇಕಾದದ್ದು ಮೊದಲ ನೋಟಕ್ಕೆ ಕಪ್ಪು ಅನಿಸುವ, ಟೈಲ್ ಮೇಲೆ ತೆಳ್ಳಗೆ ಎಳೆದರೆ ಹಸಿರು ಕಾಣುವ ಬಣ್ಣ. ಥಿನ್ನರ್ ಹಾಕಬೇಡಿ, ಎಣ್ಣೆಯನ್ನೂ ಹಾಕಬೇಡಿ.

"ಇಷ್ಟು ಕಪ್ಪಾ?" ಅಂತ ಎಲ್ಲರಿಗೂ ಭಯವಾಗುತ್ತದೆ. ಹಾಗಾಗಿ ಮಧ್ಯಮ ಹಸಿರು ಹಚ್ಚಿ, ಅದರ ಮೇಲೆ ತಿಳಿ ಹಸಿರು ತಟ್ಟುತ್ತಾರೆ. ಎರಡಕ್ಕೂ ವ್ಯತ್ಯಾಸವೇ ಇರುವುದಿಲ್ಲ, ಎಲೆ ಕಾಣುವುದಿಲ್ಲ. ಆಮೇಲೆ ಹಳದಿ ಜಾಸ್ತಿ ಮಾಡುತ್ತಾ ಹೋಗುತ್ತಾರೆ, ಬಿಳಿ ಸೇರಿಸುತ್ತಾರೆ, ಮರಕ್ಕೆ ಪೌಡರ್ ಹಚ್ಚಿದಂತಾಗುತ್ತದೆ. ಕೆಳಗೆ ಕತ್ತಲೆ ಇದ್ದರೆ ಸಾಧಾರಣ ಹಸಿರೂ ಬೆಳಕಿನ ಹಾಗೆ ಕಾಣುತ್ತದೆ. ಕಣ್ಣು ಅರ್ಧ ಮುಚ್ಚಿ ನಿಮ್ಮ ಮನೆ ಹತ್ತಿರದ ಮಾವಿನ ಮರವನ್ನೋ ಹೊಂಗೆ ಮರವನ್ನೋ ಮಧ್ಯಾಹ್ನ ನೋಡಿ. ಹೊಟ್ಟೆಯೊಳಗೆಲ್ಲ ಕತ್ತಲೆ, ಬೆಳಕು ಮೇಲಿನ ಕೆಲವು ಗೊಂಚಲುಗಳ ತಲೆ ಮೇಲೆ ಮಾತ್ರ.

ಈಗ ಮುಖ್ಯ ವಿಷಯ. ಕಡು ಪದರ ಗಟ್ಟಿಯಾಗಿರಬೇಕು, ಆದರೆ ದಪ್ಪಗಿರಬಾರದು. ಬಣ್ಣ ಟ್ಯೂಬಿನಿಂದ ಬಂದ ಹಾಗೇ ಗಡಸಾಗಿರಲಿ, ಹಚ್ಚುವುದು ಮಾತ್ರ ತೆಳುವಾಗಿ, ಬ್ರಷ್ಷಿನಿಂದ ಕ್ಯಾನ್ವಾಸಿನ ನೇಯ್ಗೆಯೊಳಗೆ ತಟ್ಟಿ ತಟ್ಟಿ. ಯಾಕೆ ಅಂದರೆ ಹಸಿ ಬಣ್ಣದ ಮೇಲೆ ಹಸಿ ಬಣ್ಣ ಕೂರುವುದಕ್ಕೆ ಒಂದೇ ನಿಯಮ: ಮೇಲಿನದು ಕೆಳಗಿನದಕ್ಕಿಂತ ತೆಳುವಾಗಿರಬೇಕು, ಅಂದರೆ ನೀರಾಗಿರಬೇಕು. ಗಡಸು ಬಣ್ಣಕ್ಕೆ ಹಿಡಿತ ಇರುತ್ತದೆ. ತೆಳು ಬಣ್ಣ ತಾಗಿದ ಕೂಡಲೇ ಬ್ರಷ್ ಬಿಟ್ಟು ಅದಕ್ಕೆ ಅಂಟಿಕೊಳ್ಳುತ್ತದೆ. ಕೆಳಗಿನದು ಎಣ್ಣೆ ಎಣ್ಣೆಯಾಗಿ ಮೇಲಿನದು ಗಡಸಾದರೆ ಆಗುವುದೇ ಬೇರೆ, ಬ್ರಷ್ ಬಣ್ಣ ಕೊಡುವ ಬದಲು ಕೆಳಗಿನ ಬಣ್ಣವನ್ನೇ ಕಿತ್ತುಕೊಳ್ಳುತ್ತದೆ. ನೀವು ರಾಡಿ ಅನ್ನುವುದು ಅದನ್ನೇ.

ಸ್ಟೂಡೆಂಟ್ ದರ್ಜೆಯ ಟ್ಯೂಬುಗಳಲ್ಲಿ ಬಣ್ಣ ಸಾಮಾನ್ಯವಾಗಿ ಮೆತ್ತಗಿರುತ್ತದೆ. ಕಲಬುರಗಿ, ರಾಯಚೂರಿನ ಏಪ್ರಿಲ್ ಸೆಕೆಯಲ್ಲಂತೂ ಇನ್ನೂ ಮೆತ್ತಗೆ. ಇದಕ್ಕೆ ಸುಲಭ ಉಪಾಯವಿದೆ. ಬಣ್ಣವನ್ನು ಹಳೇ ಪೇಪರ್ ಮೇಲೋ ರಟ್ಟಿನ ಮೇಲೋ ಹಿಂಡಿ ಅರ್ಧ ಗಂಟೆ ಬಿಡಿ. ಸುತ್ತ ಎಣ್ಣೆಯ ಕಲೆ ಹರಡುತ್ತದೆ, ಅಷ್ಟು ಎಣ್ಣೆ ಕಮ್ಮಿಯಾಯಿತು ಅಂತ ಲೆಕ್ಕ. ಆಮೇಲೆ ನೈಫ್‌ನಲ್ಲಿ ಎತ್ತಿ ಕಲಸಿ. ಗಂಟೆಗಟ್ಟಲೆ ಬಿಡಬೇಡಿ, ಎಣ್ಣೆ ಪೂರ್ತಿ ಹೋದರೆ ಒಣಗಿದ ಮೇಲೆ ಬಣ್ಣಕ್ಕೆ ಬಲವೇ ಇರುವುದಿಲ್ಲ.

ಹಚ್ಚಿ ಆಗಿದೆ, ಈಗ ದಪ್ಪ ಆಯ್ತು ಅನಿಸಿದರೆ? ಪೇಪರ್ ಹಾಳೆಯನ್ನು ಮೇಲೆ ಹಾಸಿ, ಅಂಗೈಯಲ್ಲಿ ಮೆಲ್ಲಗೆ ಒತ್ತಿ, ನೇರವಾಗಿ ಎತ್ತಿ. ಜಾಸ್ತಿ ಬಣ್ಣ ಪೇಪರಿಗೆ ಹೋಗುತ್ತದೆ, ಕತ್ತಲೆ ಹಾಗೇ ಉಳಿಯುತ್ತದೆ. ಚಿತ್ರಕಾರರು ಇದನ್ನು ಟಾಂಕಿಂಗ್ ಅನ್ನುತ್ತಾರೆ. ಲಂಡನ್ನಿನ ಸ್ಲೇಡ್ ಕಲಾಶಾಲೆಯಲ್ಲಿ ಪಾಠ ಹೇಳುತ್ತಿದ್ದ ಹೆನ್ರಿ ಟಾಂಕ್ಸ್ ಅವರಿಂದ ಬಂದ ಹೆಸರು. ಅವರು ಮೊದಲು ಸರ್ಜನ್ ಆಗಿದ್ದವರು. ಹೈಲೈಟ್ ಕೂರುತ್ತಿಲ್ಲ ಅನ್ನುವವರಿಗೆ ನಾನು ಮೊದಲು ಹೇಳುವುದು ಈ ಪೇಪರ್ ಉಪಾಯವನ್ನೇ.

ಕಡು ಪದರಕ್ಕೆ ಮರದ ಆಕಾರವನ್ನೂ ಈಗಲೇ ಕೊಡಿ. ಅಂಚು ಹರಿದ ಹಾಗಿರಲಿ, ಅಲ್ಲಲ್ಲಿ ಆಕಾಶ ಇಣುಕಲಿ. ದುಂಡಗೆ ಚೆಂಡಿನ ಆಕಾರದಲ್ಲಿ ಹಚ್ಚಿ ಹೈಲೈಟ್‌ನಲ್ಲಿ ಸರಿ ಮಾಡೋಣ ಅಂದರೆ ಅದು ಆಗುವುದಿಲ್ಲ.

4. ಹೈಲೈಟ್ ಬಣ್ಣ ಕಲಸುವುದು

ಒಂದೇ ಹಸಿರು ಕಲಸಿ ಇಡೀ ಚಿತ್ರಕ್ಕೆ ತಟ್ಟಬೇಡಿ. ಮೂರು ಗುಡ್ಡೆ ಮಾಡಿಕೊಳ್ಳಿ. ಮೊದಲನೆಯದು ಸ್ಯಾಪ್ ಗ್ರೀನ್ ಮತ್ತು ಯೆಲ್ಲೋ ಓಕರ್, ಇದು ಮಂದ ಬೆಳಕಿಗೆ. ಎರಡನೆಯದು ಸ್ಯಾಪ್ ಗ್ರೀನ್ ಮತ್ತು ಕ್ಯಾಡ್ಮಿಯಂ ಯೆಲ್ಲೋ, ಇದೇ ಮುಖ್ಯ ಹೈಲೈಟ್. ಮೂರನೆಯದು ಕ್ಯಾಡ್ಮಿಯಂ ಯೆಲ್ಲೋಗೆ ಚೂರು ಸ್ಯಾಪ್ ಗ್ರೀನ್, ಚೂರೇ ಚೂರು ಬಿಳಿ. ಇದು ಕೊನೆಗೆ, ಕೆಲವೇ ಜಾಗಕ್ಕೆ. ನೈಫ್‌ನಲ್ಲಿ ಪೂರ್ತಿ ಒಂದಾಗುವಷ್ಟು ಕಲಸಬೇಡಿ. ಗುಡ್ಡೆಯಲ್ಲಿ ಹಳದಿ, ಹಸಿರಿನ ಎಳೆಗಳು ಬೇರೆ ಬೇರೆ ಕಾಣುತ್ತಿದ್ದರೆ ಒಂದೇ ತಟ್ಟಿನಲ್ಲಿ ಹತ್ತು ತರದ ಎಲೆ ಬರುತ್ತದೆ.

ಹಸಿರು ತುಂಬಾ ಕೂಗುತ್ತಿದೆ ಅನಿಸಿದರೆ ನೈಫ್ ತುದಿಯಲ್ಲಿ ಕೆಂಪು ಮುಟ್ಟಿಸಿ. ಕೆಂಪು ಹಸಿರನ್ನು ತಣ್ಣಗೆ ಕೂರಿಸುತ್ತದೆ. ಕಪ್ಪು ಟ್ಯೂಬ್ ಇದ್ದವರು ಕ್ಯಾಡ್ಮಿಯಂ ಯೆಲ್ಲೋಗೆ ಸ್ವಲ್ಪ ಕಪ್ಪು ಬೆರೆಸಿ ನೋಡಿ, ಒಳ್ಳೆಯ ಆಲಿವ್ ಹಸಿರು ಸಿಗುತ್ತದೆ, ಬೇಸಿಗೆಯ ಧೂಳು ಹಿಡಿದ ಗಿಡಗಳಿಗೆ ಅದಕ್ಕಿಂತ ಒಳ್ಳೆಯದಿಲ್ಲ. ಬಿಳಿಯ ಬಗ್ಗೆ ಹುಷಾರು. ಬಿಳಿ ಹಾಕಿದಷ್ಟೂ ಬೆಳಕು ಜಾಸ್ತಿ ಆಗುತ್ತದೆ ಅಂತ ಅಂದುಕೊಳ್ಳುತ್ತೇವೆ, ಆದರೆ ಬಿಳಿ ಹಳದಿಯ ಬಿಸಿಲನ್ನೇ ಕಳೆದು ತಣ್ಣಗೆ, ಸಪ್ಪೆ ಮಾಡುತ್ತದೆ.

ಈಗ ತೆಳು ಮಾಡುವುದು. ಪ್ರತಿ ಗುಡ್ಡೆಯಿಂದ ಸ್ವಲ್ಪ ಬೇರೆ ತೆಗೆದು, ಅದಕ್ಕೆ ಲಿಕ್ವಿಡ್ ವೈಟ್ ಅಥವಾ ಲಿನ್ಸೀಡ್ ಎಣ್ಣೆ ಒಂದೆರಡು ಹನಿ ಹಾಕಿ ಕಲಸಿ. ಹದ ಎಷ್ಟು ಅಂದರೆ ಸೆಟ್ ದೋಸೆ ಹಿಟ್ಟಿನಷ್ಟು, ನೈಫ್ ಎತ್ತಿದರೆ ನಿಧಾನಕ್ಕೆ ಜಾರಬೇಕು, ಸುರಿಯಬಾರದು. ಥಿನ್ನರ್ ಒಂದನ್ನೇ ಹಾಕಿದರೆ ಹೈಲೈಟ್ ಕೆಳಗಿನ ಬಣ್ಣವನ್ನೂ ಕರಗಿಸಿಕೊಂಡು ಇಳಿಯುತ್ತದೆ, ಹಾಗಾಗಿ ಇಲ್ಲಿ ಥಿನ್ನರ್ ಬೇಡವೇ ಬೇಡ. ಲಿಕ್ವಿಡ್ ವೈಟ್ ಹಾಕಿದರೆ ಬಣ್ಣ ಸ್ವಲ್ಪ ತಿಳಿಯಾಗುತ್ತದೆ ಅನ್ನುವುದು ನೆನಪಿರಲಿ. ಗಾಢ ಹಸಿರೇ ಬೇಕಾದಾಗ ಎಣ್ಣೆ ಸಾಕು.

5. ಬ್ರಷ್‌ಗೆ ಬಣ್ಣ ತುಂಬುವುದು

ಬ್ರಷ್ ಪೂರ್ತಿ ಒಣಗಿರಬೇಕು. ಈಗಷ್ಟೇ ಥಿನ್ನರ್‌ನಲ್ಲಿ ತೊಳೆದಿದ್ದರೆ ಬಟ್ಟೆಯಲ್ಲಿ ಹಿಂಡಿ ಹಿಂಡಿ ಒರೆಸಿ, ಸಾಧ್ಯವಾದರೆ ಕಡು ಬಣ್ಣಕ್ಕೊಂದು, ಹೈಲೈಟ್‌ಗೊಂದು ಬೇರೆ ಬ್ರಷ್ ಇಟ್ಟುಕೊಳ್ಳಿ.

ತೆಳು ಬಣ್ಣವನ್ನು ಟೈಲ್ ಮೇಲೆ ಚಪ್ಪಟೆಯಾಗಿ ಹರಡಿ. ಒಂದು ಇಂಚಿನ ಬ್ರಷ್ಷನ್ನು ಓರೆಯಾಗಿ ಹಿಡಿದು, ಬಣ್ಣದ ಮೇಲಿಂದ ನಿಮ್ಮ ಕಡೆಗೆ ಎಳೆಯಿರಿ. ಮತ್ತೆ ಎತ್ತಿ ಅದೇ ದಿಕ್ಕಿನಲ್ಲಿ ಎಳೆಯಿರಿ. ಹಿಂದೆ ಮುಂದೆ ಉಜ್ಜಬೇಡಿ. ಹೀಗೆ ಒಂದೇ ದಿಕ್ಕಿಗೆ ಎಳೆದರೆ ಬ್ರಷ್ಷಿನ ಒಂದು ಮೂಲೆ ದುಂಡಗಾಗುತ್ತದೆ. ಆ ದುಂಡು ಮೂಲೆಯೇ ನಿಮ್ಮ ಗೊಂಚಲಿನ ತಲೆ. ಕ್ಯಾನ್ವಾಸಿನ ಮುಂದೆ ಹಿಡಿಯುವಾಗ ದುಂಡು ಮೂಲೆ ಮೇಲಿರಬೇಕು, ಇದನ್ನು ತಿರುಗಿಸಿ ಹಿಡಿಯುವವರೇ ಜಾಸ್ತಿ. ಕೊನೆಗೆ ಬ್ರಷ್ಷಿನ ತುದಿಯನ್ನು ಬಣ್ಣಕ್ಕೆ ಮೆಲ್ಲಗೆ ಒಂದೆರಡು ಸಲ ಕುಟ್ಟಿ. ಕೂದಲ ತುದಿಗಳು ಸ್ವಲ್ಪ ಬಿಡಿಬಿಡಿಯಾಗಿ, ತುದಿಯಲ್ಲಿ ಮಾತ್ರ ಬಣ್ಣ ಹಿಡಿದು ನಿಲ್ಲುತ್ತವೆ. ಬುಡದವರೆಗೆ ಬಣ್ಣ ಮೆತ್ತಿದ್ದರೆ ಒರೆಸಿ ಮತ್ತೆ ಶುರು ಮಾಡಿ.

6. ತಾಗಿಸುವುದು

ಕೈಗೆ ಇಲ್ಲಿ ಕೆಲಸ ಕಮ್ಮಿ. ಬ್ರಷ್ಷನ್ನು ಹಿಂಭಾಗದಲ್ಲಿ, ಸಡಿಲವಾಗಿ ಹಿಡಿಯಿರಿ. ಕ್ಯಾನ್ವಾಸಿಗೆ ತಾಗಿಸಿ, ಕೂದಲು ಸ್ವಲ್ಪ ಬಾಗುವಷ್ಟು ಮೇಲ್ಮುಖವಾಗಿ ತಳ್ಳಿ, ತೆಗೆಯಿರಿ. ಎಳೆಯಬೇಡಿ, ಹಚ್ಚಬೇಡಿ, ಉಜ್ಜಬೇಡಿ. ಬಣ್ಣ ಬ್ರಷ್ಷಿನಿಂದ ತಾನೇ ಹೋಗಬೇಕು, ನೀವು ಒತ್ತಿ ಕಳಿಸಬಾರದು.

ಎಲ್ಲಿಂದ ಶುರು? ಗೊಂಚಲಿನ ಬೆಳಕಿಗೆ ಎದುರಾದ ಮೇಲಂಚಿನಿಂದ. ಯಾಕೆ ಅಂದರೆ ಬ್ರಷ್ಷಿನಲ್ಲಿ ಬಣ್ಣ ಅತಿ ಹೆಚ್ಚಿರುವುದು ಮೊದಲ ತಾಗುವಿಕೆಯಲ್ಲಿ. ಅಲ್ಲಿಂದ ಕೆಳಗೆ, ನೆರಳಿನ ಕಡೆಗೆ ಬನ್ನಿ. ನಾಲ್ಕೈದು ಸಲ ತಾಗಿಸುವಷ್ಟರಲ್ಲಿ ಬ್ರಷ್ ಕಡು ಬಣ್ಣವನ್ನು ಸ್ವಲ್ಪ ಎತ್ತಿಕೊಂಡಿರುತ್ತದೆ, ಹಳದಿ ಕಮ್ಮಿಯಾಗಿ ಮಧ್ಯಮ ಹಸಿರು ಬರತೊಡಗುತ್ತದೆ. ಅದು ಬೇಕಾದದ್ದೇ! ಬೆಳಕಿನಿಂದ ನೆರಳಿಗೆ ಇಳಿಯುವ ಹಸಿರು ಪುಕ್ಕಟೆ ಸಿಕ್ಕಿತು. ಅಲ್ಲಿಗೆ ನಿಲ್ಲಿಸಿ, ಬ್ರಷ್ ಒರೆಸಿ, ಮತ್ತೆ ತುಂಬಿ, ಮುಂದಿನ ಗೊಂಚಲು. ಒರೆಸದೆ ಮುಂದಿನ ಗೊಂಚಲಿನ ತಲೆಗೆ ಅದೇ ಕೊಳೆಯಾದ ಬ್ರಷ್ ಇಟ್ಟರೆ ಅಲ್ಲಿಂದಲೇ ರಾಡಿ ಶುರು.

ಒಂದು ಜಾಗವನ್ನು ಒಂದೇ ಸಲ ಮುಟ್ಟಿ. ಸರಿ ಬರಲಿಲ್ಲ ಅಂತ ಅದೇ ಜಾಗಕ್ಕೆ ಮತ್ತೆ ಮತ್ತೆ ಹೋದರೆ ಪ್ರತಿ ಸಲವೂ ಕೆಳಗಿನ ಕಪ್ಪು ಇನ್ನಷ್ಟು ಮೇಲೆ ಬರುತ್ತದೆ. ಸರಿ ಬರದಿದ್ದುದನ್ನು ಹಾಗೇ ಬಿಡಿ, ಪಕ್ಕದಲ್ಲಿ ಇನ್ನೊಂದು ಗೊಂಚಲು ಬಂದಾಗ ಅದು ಸರಿಯಾಗೇ ಕಾಣಬಹುದು.

7. ಗೊಂಚಲು ಗೊಂಚಲಾಗಿ, ಹಿಂದಿನಿಂದ ಮುಂದಕ್ಕೆ

ದೂರದ ಮರಗಳನ್ನು ಮೊದಲು ಮುಗಿಸಿ. ಅಲ್ಲಿ ಕಡು ಬಣ್ಣವೇ ಅಷ್ಟು ಕಡು ಇರಬಾರದು, ಸ್ವಲ್ಪ ಬಿಳಿ, ನೀಲಿ ಬೆರೆತಿರಲಿ. ಹೈಲೈಟ್ ಮಂದ, ಬೂದು ಹಸಿರು. ಹತ್ತಿರ ಬಂದಂತೆ ನೆರಳು ಇನ್ನೂ ಕಡು, ಬೆಳಕು ಇನ್ನೂ ಹಳದಿ. ದೂರದ ಗುಡ್ಡದ ಮರಕ್ಕೂ ಮುಂದಿನ ಪೊದೆಗೂ ಒಂದೇ ಹಳದಿ ಹಾಕಿದರೆ ಗುಡ್ಡ ಎದ್ದು ಬಂದು ಮೂಗಿನ ಮುಂದೆ ಕೂರುತ್ತದೆ.

ಒಂದು ಮರದೊಳಗೂ ಇದೇ ಕ್ರಮ. ಹಿಂದಿರುವ ಗೊಂಚಲು ಮೊದಲು, ಮುಂದಿರುವುದು ಆಮೇಲೆ. ಮತ್ತು ಎರಡು ಗೊಂಚಲುಗಳ ಮಧ್ಯೆ ಕತ್ತಲೆ ಬಿಡಿ. ಇದನ್ನು ನೂರು ಸಲ ಹೇಳಿದರೂ ಕೈ ಕೇಳುವುದಿಲ್ಲ. ಖಾಲಿ ಕಪ್ಪು ಜಾಗ ಕಂಡರೆ ಅಲ್ಲೂ ನಾಲ್ಕು ಎಲೆ ಇಡೋಣ ಅನಿಸುತ್ತದೆ, ಇಟ್ಟ ಕೂಡಲೇ ಎರಡು ಗೊಂಚಲು ಸೇರಿ ಒಂದು ಹಸಿರು ಕಂಬಳಿಯಾಗುತ್ತದೆ. ಮರದ ಮೂರರಲ್ಲಿ ಒಂದು ಭಾಗಕ್ಕೆ ಮಾತ್ರ ಹೈಲೈಟ್ ಸಾಕು ಅಂತ ಮೊದಮೊದಲು ಲೆಕ್ಕ ಇಟ್ಟುಕೊಳ್ಳಿ. ಒಂದೊಂದು ಪೊದೆ ಮುಗಿದಾಗಲೂ ನಾಲ್ಕು ಹೆಜ್ಜೆ ಹಿಂದೆ ಹೋಗಿ ಕಣ್ಣು ಕಿರಿದು ಮಾಡಿ ನೋಡಿ. ಅಥವಾ ಫೋನಿನಲ್ಲಿ ಫೋಟೊ ತೆಗೆದು ಕಪ್ಪು ಬಿಳುಪು ಮಾಡಿ. ಗೊಂಚಲುಗಳು ಬೇರೆ ಬೇರೆ ಕಾಣದಿದ್ದರೆ ಮುಂದೆ ಹೋಗುವ ಮೊದಲು ಗುಂಡು ಬ್ರಷ್ಷಿನಲ್ಲಿ ಮಧ್ಯೆ ಕಡು ಬಣ್ಣ ಮತ್ತೆ ತಟ್ಟಿ.

8. ಕಾಂಡ, ಕೊಂಬೆ

ಹೈಲೈಟ್ ಅರ್ಧ ಆದಾಗ ಕಾಂಡ ಹಾಕಿ, ಪೂರ್ತಿ ಆದ ಮೇಲೆ ಅಲ್ಲ. ತೆಳು ಮಾಡಿದ ಕಂದು ಬಣ್ಣದಲ್ಲಿ ಲೈನರ್‌ನಿಂದ ಕೊಂಬೆಗಳನ್ನು ಎಳೆದು, ಅದರ ಮೇಲೆ ಒಂದೆರಡು ಗೊಂಚಲು ಬರುವಂತೆ ಮಾಡಿದರೆ ಕೊಂಬೆ ಎಲೆಗಳೊಳಗೆ ಹೋಗಿ ಬಂದಂತೆ ಕಾಣುತ್ತದೆ. ಕೊಂಬೆ ಆಕಾಶ ಇಣುಕುವ ಜಾಗದಲ್ಲಿ ಕಂಡರೆ ಸಾಕು.

9. ಕೊನೆಯ ಹೊಳಪು

ಮೂರನೇ ಗುಡ್ಡೆ ಇಲ್ಲಿಯವರೆಗೆ ಮುಟ್ಟಿಲ್ಲ, ಅಲ್ವಾ? ಈಗ ಬ್ರಷ್ಷಿನ ಮೂಲೆಯಲ್ಲಿ ಅಥವಾ ಗುಂಡು ಬ್ರಷ್ಷಿನ ತುದಿಯಲ್ಲಿ ಸ್ವಲ್ಪವೇ ತಗೊಂಡು, ಇಡೀ ಚಿತ್ರದಲ್ಲಿ ಕಣ್ಣು ಎಲ್ಲಿಗೆ ಹೋಗಬೇಕೋ ಅಲ್ಲಿನ ಎರಡು ಮೂರು ಗೊಂಚಲಿಗೆ ಮಾತ್ರ ಇಡಿ. ಗುಡ್ಡೆಯಲ್ಲಿ ಬಣ್ಣ ಮಿಕ್ಕಿದೆ ಅಂತ ಉಳಿದ ಮರಗಳಿಗೆ ಹಂಚಬೇಡಿ.

ನಮ್ಮ ಮರಗಳ ಬಗ್ಗೆ ಸ್ವಲ್ಪ

ಬಾಬ್ ರಾಸ್ ವಾಯುಪಡೆಯಲ್ಲಿದ್ದಾಗ ವರ್ಷಗಟ್ಟಲೆ ಅಲಾಸ್ಕಾದಲ್ಲಿದ್ದರು, ಅವರ ಚಿತ್ರಗಳ ತುಂಬಾ ಅಲ್ಲಿಯ ಹಿಮ, ಸೂಜಿ ಎಲೆಯ ಮರಗಳು. ಅವಕ್ಕೆ ಫ್ಯಾನ್ ಬ್ರಷ್ಷಿನಲ್ಲಿ ಅಡ್ಡಡ್ಡ, ಕೆಳಗೆ ಬಂದಂತೆ ಅಗಲವಾಗಿ ತಟ್ಟಿದರೆ ಆಯಿತು. ಅದೇ ಕೈಯನ್ನು ನಮ್ಮ ಮರಗಳಿಗೆ ಓಡಿಸಿದರೆ ಮಡಿಕೇರಿ ರಸ್ತೆಯಲ್ಲಿ ಕ್ರಿಸ್‌ಮಸ್ ಮರ ನಿಲ್ಲುತ್ತದೆ.

ಮಳೆ ಮರ, ಆಲದ ಮರಗಳಿಗೆ ಗೊಂಚಲುಗಳು ಅಗಲವಾಗಿ, ಚಪ್ಪಟೆಯಾಗಿ, ಒಂದರ ಕೆಳಗೊಂದು ಹಂತ ಹಂತವಾಗಿರುತ್ತವೆ. ಬ್ರಷ್ಷನ್ನು ಸ್ವಲ್ಪ ಅಡ್ಡ ತಿರುಗಿಸಿ ತಾಗಿಸಿ. ಮಾವು, ಹಲಸಿನ ಎಲೆಗಳು ನುಣುಪು. ನಡು ಮಧ್ಯಾಹ್ನ ಅವುಗಳ ಮೇಲಿನ ಹೊಳಪು ಹಳದಿ ಇರುವುದಿಲ್ಲ, ಆಕಾಶದ ನೆರಳು ಬಿದ್ದು ತಿಳಿ ನೀಲಿ ಬಿಳುಪಾಗಿ ಕಾಣುತ್ತದೆ. ಮೂರನೇ ಗುಡ್ಡೆಗೆ ಹಳದಿ ಬದಲು ಬಿಳಿ ಮತ್ತು ನೀಲಿಯ ಚೂರು ಸೇರಿಸಿ ಅಲ್ಲಲ್ಲಿ ಇಡಿ. ಸೂರ್ಯ ಮರದ ಹಿಂದಿದ್ದರೆ ಲೆಕ್ಕ ತಿರುಗುತ್ತದೆ. ಆಗ ಬೆಳಕು ಎಲೆಯ ಮೂಲಕ ತೂರಿ ಬರುವುದರಿಂದ ಅಂಚಿನ ತೆಳು ಗೊಂಚಲುಗಳು ಉಜ್ವಲ ಹಳದಿ ಹಸಿರು, ದಟ್ಟ ಮಧ್ಯಭಾಗ ಕತ್ತಲೆ. ಈ ಎರಡು ಬೆಳಕನ್ನೂ ಒಂದೇ ಮರದಲ್ಲಿ ಬೆರೆಸಬೇಡಿ.

ಮಲೆನಾಡಿನ ಮಳೆಗಾಲದ ಚಿತ್ರ ಮಾಡುವವರು ಕ್ಯಾಡ್ಮಿಯಂ ಯೆಲ್ಲೋ ದೂರ ಇಡಿ. ಮೋಡದ ಬೆಳಕು ಎಲ್ಲ ಕಡೆಯಿಂದ ಬರುತ್ತದೆ, ಗೊಂಚಲಿನ ನೆತ್ತಿ ಮಾತ್ರ ತುಸು ತಿಳಿ, ಬದಿಗಳಲ್ಲಿ ಏನೂ ಇಲ್ಲ. ಗುಲ್‌ಮೊಹರ್ ಹೂ ಬಿಟ್ಟಾಗ ಕೆಂಪನ್ನು ಹಸಿರಿನ ಮೇಲೆ ತಟ್ಟಿದರೆ ಕಂದಾಗುತ್ತದೆ. ಅದಕ್ಕೆ ಕಡು ಪದರವನ್ನೇ ಅಲಿಜರಿನ್ ಕ್ರಿಮ್ಸನ್ ಮತ್ತು ಬರ್ನ್ಟ್ ಅಂಬರ್‌ನಲ್ಲಿ ಹಾಕಿ, ಮೇಲೆ ಕೆಂಪು ಕಿತ್ತಳೆ. ತೆಂಗು, ಅಡಿಕೆಗೆ ಈ ತಟ್ಟುವ ವಿದ್ಯೆ ನಡೆಯುವುದಿಲ್ಲ. ಗರಿಗಳನ್ನು ಲೈನರ್ ಅಥವಾ ನೈಫ್ ಅಂಚಿನಿಂದ ಒಂದೊಂದಾಗಿ ಎಳೆಯಲೇಬೇಕು.

ಕೆಟ್ಟರೆ ಏನು ಮಾಡುವುದು

ಹಳದಿ ಹಸಿರು ಗೋಡೆಯಾಗಿಬಿಟ್ಟಿದ್ದರೆ ಮೇಲಿಂದ ಇನ್ನಷ್ಟು ತಟ್ಟಬೇಡಿ. ಆ ಭಾಗವನ್ನು ನೈಫ್‌ನಲ್ಲಿ ಕೆರೆದು ತೆಗೆಯಿರಿ, ಪೇಪರ್ ಒತ್ತಿ ಎತ್ತಿ, ಕಡು ಬಣ್ಣ ಮತ್ತೆ ತೆಳುವಾಗಿ ಹಾಕಿ, ಮತ್ತೆ ಶುರು. ಹತ್ತು ನಿಮಿಷದ ಕೆಲಸ. ಹೈಲೈಟ್ ಕೂರುವುದೇ ಇಲ್ಲ, ಬ್ರಷ್ ಬರೀ ಜಾರುತ್ತದೆ ಅನ್ನುವುದಾದರೆ ಹೈಲೈಟ್ ಗಡಸಾಗಿದೆ, ಎಣ್ಣೆ ಒಂದು ಹನಿ ಸೇರಿಸಿ. ಬಣ್ಣ ಹರಿದು ಇಳಿಯುತ್ತಿದ್ದರೆ ಬ್ರಷ್ಷಿನಲ್ಲಿ ಥಿನ್ನರ್ ಉಳಿದಿದೆ. ಎಷ್ಟು ಮಾಡಿದರೂ ಆಗುತ್ತಿಲ್ಲ ಅಂದರೆ ಸುಮ್ನೆ ಬ್ರಷ್ ಕೆಳಗಿಡಿ. ಕಡು ಪದರ ಮುಟ್ಟಿದರೆ ಅಂಟದಷ್ಟು ಒಣಗಲಿ, ಆಮೇಲೆ ತೆಳ್ಳಗೆ ಎಣ್ಣೆ ಒರೆಸಿ ಅದರ ಮೇಲೆ ಹೈಲೈಟ್ ಹಚ್ಚಿ. ಅದು ವೆಟ್-ಆನ್-ವೆಟ್ ಅಲ್ಲ ಅಂತ ಯಾರೂ ದಂಡ ಹಾಕುವುದಿಲ್ಲ.

ತೊಳೆಯುವುದು, ಒಣಗಿಸುವುದು

ಕಿಟಕಿ ತೆರೆದಿಡಿ. ವಾಸನೆ ಇಲ್ಲದ ಥಿನ್ನರ್ ಕೂಡ ಉಸಿರಿಗೆ ಒಳ್ಳೆಯದಲ್ಲ. ಬಳಸಿದ ಥಿನ್ನರನ್ನು ಸಿಂಕ್‌ಗೆ ಸುರಿಯಬೇಡಿ, ಮುಚ್ಚಳದ ಬಾಟಲಿಯಲ್ಲಿಟ್ಟರೆ ಬಣ್ಣ ತಳಕ್ಕೆ ಇಳಿದು ಮೇಲಿನದು ಮತ್ತೆ ಬಳಕೆಗೆ ಬರುತ್ತದೆ. ಇನ್ನೊಂದನ್ನು ಯಾರೂ ಹೇಳುವುದಿಲ್ಲ: ಲಿನ್ಸೀಡ್ ಎಣ್ಣೆ ಹಿಡಿದ ಬಟ್ಟೆಯನ್ನು ಮುದ್ದೆ ಮಾಡಿ ಡಬ್ಬದಲ್ಲಿ ಬಿಸಾಡಬೇಡಿ. ಎಣ್ಣೆ ಒಣಗುವಾಗ ಬಿಸಿ ಹುಟ್ಟುತ್ತದೆ, ಮುದ್ದೆಯೊಳಗೆ ಆ ಬಿಸಿ ಹೊರಗೆ ಹೋಗದೆ ತಾನಾಗೇ ಬೆಂಕಿ ಹತ್ತಿಕೊಳ್ಳಬಹುದು. ಹೊರಗೆ ಬಿಡಿಸಿ ಹರವಿ ಒಣಗಿಸಿ, ಇಲ್ಲವೇ ನೀರು ತುಂಬಿದ ಲೋಹದ ಡಬ್ಬದಲ್ಲಿ ಮುಳುಗಿಸಿಡಿ.

ಆಯಿಲ್ ಬಣ್ಣ ನೀರಾರಿ ಒಣಗುವುದಲ್ಲ, ಗಾಳಿಯ ಆಮ್ಲಜನಕ ಹೀರಿ ಗಟ್ಟಿಯಾಗುವುದು. ಹಾಗಾಗಿ ಚಳಿಯಲ್ಲಿ, ತೇವದಲ್ಲಿ ನಿಧಾನ. ಮುಟ್ಟಿದರೆ ಅಂಟದಷ್ಟಾಗಲು ವಾರ ಅಥವಾ ಇನ್ನೂ ಹೆಚ್ಚು ಬೇಕು, ವಾರ್ನಿಶ್ ಹೊಡೆಯಲು ಆರು ತಿಂಗಳು ಕಾಯುವುದು ಒಳ್ಳೆಯದು. ಒಣಗುವವರೆಗೆ ಬೀರುವಿನೊಳಗೋ ಮಂಚದ ಕೆಳಗೋ ಇಡಬೇಡಿ. ಲಿನ್ಸೀಡ್ ಎಣ್ಣೆ ಕತ್ತಲೆಯಲ್ಲಿ ಹಳದಿಗಟ್ಟುತ್ತದೆ, ತಿಳಿ ಬಣ್ಣಗಳಲ್ಲಿ ಅದು ಬೇಗ ಕಾಣುತ್ತದೆ. ಹಾಗೆ ಆಗಿದ್ದರೆ ಚಿತ್ರವನ್ನು ಬೆಳಕು ಬರುವ ಗೋಡೆಗೆ ನೇರ ಬಿಸಿಲು ಬೀಳದಂತೆ ಒರಗಿಸಿಡಿ, ಕೆಲವು ವಾರಗಳಲ್ಲಿ ಆ ಹಳದಿ ಬಹುಪಾಲು ಇಳಿಯುತ್ತದೆ.